ಎರಡನೆಯ ವೈದ್ಯರನ್ನು ಕೇಳುವುದು ಅವಿಶ್ವಾಸವೇ?



ಮಠದ ಉಚಿತ ಪ್ರಸಾದನಿಲಯದಲ್ಲಿದ್ದು ಓದಿ, ಮೂವತ್ತೈದು ವರುಷ ಹಳ್ಳಿಯ ಶಾಲೆಗಳಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತರಾದ ಹಿರಿಯರೊಬ್ಬರು ಶ್ರಾವಣಮಾಸದಲ್ಲಿ ದರ್ಶನಕ್ಕೆಂದು ಬಂದಿದ್ದರು. ಪೂಜೆ ಪ್ರಸಾದಗಳು ಮುಗಿದ ತರುವಾಯ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು, ಕೈಚೀಲದಿಂದ ಆಸ್ಪತ್ರೆಯ ಕಾಗದಗಳ ಕಟ್ಟೊಂದನ್ನು ಹೊರತೆಗೆದರು. ವಯಸ್ಸು 68. ರಾತ್ರಿ ನಾಲ್ಕೈದು ಬಾರಿ ಮೂತ್ರವಿಸರ್ಜನೆಗೆ ಏಳಬೇಕಾಗುತ್ತಿತ್ತು. ಧಾರೆ ಕಟ್ಟಿಕಟ್ಟಿ ಬರುತ್ತಿತ್ತು. ಪರೀಕ್ಷೆಗಳಾದವು. ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ, ಆದರೆ ಗ್ರಂಥಿಯಿಂದ ಆಚೆಗೆ ಹರಡಿಲ್ಲ ಎಂದು ವರದಿ ಬಂದಿತ್ತು. ಶಸ್ತ್ರಕ್ರಿಯೆಯಿಂದ ಗ್ರಂಥಿಯನ್ನು ತೆಗೆದುಬಿಡುವುದು ಒಳಿತೆಂದು ವೈದ್ಯರು ಹೇಳಿದ್ದರು. ಮಗನಾದರೋ, "ಅಪ್ಪಾಜಿ, ಒಪ್ಪಿಗೆ ಕೊಡುವ ಮೊದಲು ಇನ್ನೊಬ್ಬ ತಜ್ಞರನ್ನು ಕೇಳೋಣ" ಎಂದಿದ್ದ.

ಹಿರಿಯರ ಮನಸ್ಸನ್ನು ಕದಡಿದ್ದು ರೋಗಕ್ಕಿಂತ ಹೆಚ್ಚಾಗಿ ಮಗನ ಆ ಮಾತು. ಅವರು ಹೇಳಿದರು: "ಆ ಡಾಕ್ಟರರು ಒಳ್ಳೆಯವರು. ಆರು ವರುಷಗಳಿಂದ ನನ್ನನ್ನು ನೋಡಿಕೊಂಡವರು. ಅವರ ಬೆನ್ನ ಹಿಂದೆ ಮತ್ತೊಬ್ಬರ ಬಾಗಿಲು ತಟ್ಟಿದರೆ ಅದು ನಂಬಿಕೆದ್ರೋಹವಾಗುವುದಿಲ್ಲವೇ? ಹಿರಿಯರ ಮಾತಿಗೆ ಎದುರಾಡಬಾರದೆಂದು ಇದೇ ಪಡಸಾಲೆಯಲ್ಲಿ ಕಲಿತವನು ನಾನು."

ಈ ಪ್ರಶ್ನೆ ಒಬ್ಬರದಲ್ಲ. ನಮ್ಮ ಭಕ್ತವರ್ಗದಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಅರುವತ್ತನ್ನು ದಾಟಿದವರು ಅನೇಕರಿದ್ದಾರೆ. ಇಂತಹ ಕಾಗದದ ಕಟ್ಟು ನಾಳೆ ನಿಮ್ಮ ಕೈಗೂ ಬರಬಹುದು, ನಿಮ್ಮ ಅಣ್ಣನ ಕೈಗೂ ಬರಬಹುದು. ಆಗ ಏನು ಮಾಡಬೇಕೆಂಬುದು ಮೇಲ್ನೋಟಕ್ಕೆ ವೈದ್ಯಶಾಸ್ತ್ರದ ಪ್ರಶ್ನೆಯಂತೆ ತೋರುವುದಾದರೂ ಅದರ ತಿರುಳಿನಲ್ಲಿರುವುದು ಧರ್ಮದ ಪ್ರಶ್ನೆ. ನಂಬುವುದೆಂದರೆ ಕೇಳದಿರುವುದೇ? ತನ್ನ ಕಾಯದ ವಿಷಯದಲ್ಲಿ ನಿರ್ಣಯಿಸುವ ಹೊಣೆ ಯಾರದು? ಇವನ್ನು ನಿಮ್ಮೊಡನೆ ಕೂಡಿ ವಿಚಾರಿಸಬೇಕೆಂಬುದೇ ಈ ಬರಹದ ಉದ್ದೇಶ.

ಮೊದಲು ರೋಗದ ಸ್ವರೂಪವನ್ನು ತಿಳಿಯೋಣ. ಪ್ರಾಸ್ಟೇಟ್ ಎಂಬುದು ಪುರುಷರಲ್ಲಿ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಅದು ಇರುತ್ತದೆ. ವಯಸ್ಸಾದಂತೆ ಈ ಗ್ರಂಥಿ ಊದಿಕೊಳ್ಳುವುದು ಸಾಮಾನ್ಯ. ಎಲ್ಲ ಊತವೂ ಕ್ಯಾನ್ಸರ್ ಅಲ್ಲ. ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯ ಅಂಕವು ಬರಿಯ ಊತದಿಂದಲೂ ಏರಬಹುದು, ಸೋಂಕಿನಿಂದಲೂ ಏರಬಹುದು, ಕ್ಯಾನ್ಸರಿನಿಂದಲೂ ಏರಬಹುದು. ಆದುದರಿಂದ ಸೂಜಿಯಿಂದ ಗ್ರಂಥಿಯ ಸಣ್ಣ ಸಣ್ಣ ತುಣುಕುಗಳನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ನೋಡಿಯೇ ನಿಶ್ಚಯಿಸಬೇಕಾಗುತ್ತದೆ. ಇದಕ್ಕೆ ಬಯಾಪ್ಸಿ ಎನ್ನುವರು. ಜೀವಕೋಶಗಳು ಎಷ್ಟು ಕೆಟ್ಟಿವೆ ಎಂಬುದನ್ನು ಅಳೆಯಲು ಅಮೆರಿಕದ ಡೊನಾಲ್ಡ್ ಗ್ಲೀಸನ್ ಎಂಬ ವೈದ್ಯರು 1966ರಲ್ಲಿ ಪ್ರಕಟಿಸಿದ ಕ್ರಮವೇ, ಕೆಲವು ತಿದ್ದುಪಡಿಗಳೊಂದಿಗೆ, ಇಂದಿಗೂ ಬಳಕೆಯಲ್ಲಿದೆ. ಈಗಿನ ವರದಿಗಳಲ್ಲಿ ಸಾಮಾನ್ಯವಾಗಿ 6ರಿಂದ 10ರವರೆಗಿನ ಅಂಕವನ್ನು ಕೊಡುತ್ತಾರೆ. 6 ಎಂದರೆ ಸೌಮ್ಯ, 8ರಿಂದ ಮೇಲೆ ಉಗ್ರ. 7 ಎಂಬುದು ನಡುವಿನದು. ನಮ್ಮ ಹಿರಿಯರ ಅಂಕ 7 ಆಗಿದ್ದಿತು.

ಈ ರೋಗದ ಒಂದು ವೈಚಿತ್ರ್ಯವನ್ನು ಮನದಟ್ಟು ಮಾಡಿಕೊಳ್ಳಬೇಕು. ಇದು ಕೆಲವರಲ್ಲಿ ಎಲುಬಿಗೆ ಹಬ್ಬಿ ಪ್ರಾಣವನ್ನೇ ತೆಗೆಯುತ್ತದೆ; ಇನ್ನು ಹಲವರಲ್ಲಿ ಇದ್ದೂ ಇಲ್ಲದಂತೆ ವರುಷಗಟ್ಟಲೆ ಮಲಗಿರುತ್ತದೆ. ಈ ಕ್ಯಾನ್ಸರನ್ನು ಒಡಲಲ್ಲಿಟ್ಟುಕೊಂಡೇ ಬೇರೆ ಕಾರಣದಿಂದ ಮುಪ್ಪಿನಲ್ಲಿ ಲಿಂಗೈಕ್ಯರಾಗುವವರು ಕಡಿಮೆಯಲ್ಲ. ಗ್ರಂಥಿಯೊಳಗೇ ಇರುವ ರೋಗಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ. ಗ್ರಂಥಿಯನ್ನು ಶಸ್ತ್ರಕ್ರಿಯೆಯಿಂದ ತೆಗೆಯುವುದು ಒಂದು. ವಿಕಿರಣದಿಂದ ರೋಗವನ್ನು ಸುಡುವುದು ಎರಡು. ಸದ್ಯಕ್ಕೆ ಏನನ್ನೂ ಮಾಡದೆ, ಕ್ಲುಪ್ತಕಾಲದಲ್ಲಿ ಪರೀಕ್ಷೆಗಳನ್ನು ಮಾಡಿಸುತ್ತ, ರೋಗ ತಲೆಯೆತ್ತಿದ ಕೂಡಲೇ ಚಿಕಿತ್ಸೆಗೆ ತೊಡಗುವುದು ಮೂರು. ಮೂರನೆಯದು ಆಲಸ್ಯವಲ್ಲ, ಬೆಳೆ ಕಾಯುವವನು ಕವಣೆ ಹಿಡಿದು ಅಟ್ಟದ ಮೇಲೆ ಕುಳಿತಂತೆ ಅದು ಎಚ್ಚರದ ಕಾವಲು.

ಇವುಗಳಲ್ಲಿ ಯಾವುದು ಮೇಲು? ಬ್ರಿಟನ್ನಿನಲ್ಲಿ ಇದನ್ನೇ ತಿಳಿಯಲು ದೊಡ್ಡದೊಂದು ಅಧ್ಯಯನ ನಡೆಯಿತು. 1999ರಿಂದ 2009ರವರೆಗೆ ಪಿ.ಎಸ್.ಎ. ಪರೀಕ್ಷೆಯಿಂದ ರೋಗ ಪತ್ತೆಯಾದವರಲ್ಲಿ, 50ರಿಂದ 69 ವಯಸ್ಸಿನ 1,643 ಮಂದಿ ಒಪ್ಪಿ, ಚೀಟಿ ಎತ್ತಿದ ಹಾಗೆ ಮೂರು ದಾರಿಗಳಿಗೆ ಹಂಚಿಕೆಯಾದರು. ಸುಮಾರು 15 ವರುಷಗಳ ತರುವಾಯದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಈ ಕ್ಯಾನ್ಸರಿನಿಂದಲೇ ತೀರಿಕೊಂಡವರು ಒಟ್ಟು 45 ಮಂದಿ: ಕಾವಲಿನ ಗುಂಪಿನಲ್ಲಿ ನೂರಕ್ಕೆ 3.1, ಶಸ್ತ್ರಕ್ರಿಯೆಯ ಗುಂಪಿನಲ್ಲಿ 2.2, ವಿಕಿರಣದ ಗುಂಪಿನಲ್ಲಿ 2.9. ಈ ಅಂತರವು ದಾರಿಯಿಂದಲೇ ಬಂದಿತೆಂದು ಹೇಳುವಷ್ಟು ದೊಡ್ಡದಲ್ಲ. ಆದರೆ ರೋಗ ದೂರದ ಅಂಗಗಳಿಗೆ ಹರಡಿದ್ದು ಕಾವಲಿನ ಗುಂಪಿನಲ್ಲಿ ನೂರಕ್ಕೆ 9.4, ಉಳಿದೆರಡರಲ್ಲಿ ಐದರ ಆಸುಪಾಸು. ಕಾವಲಿನ ಗುಂಪಿನವರಲ್ಲಿ ನೂರಕ್ಕೆ ಸುಮಾರು 61 ಮಂದಿ ಕ್ರಮೇಣ ಶಸ್ತ್ರಕ್ರಿಯೆಗೋ ವಿಕಿರಣಕ್ಕೋ ಒಳಗಾದರು.

ಇನ್ನೊಂದು ತಕ್ಕಡಿಯನ್ನೂ ನೋಡಬೇಕು. ಅದೇ ಅಧ್ಯಯನದಲ್ಲಿ ಶಸ್ತ್ರಕ್ರಿಯೆಯಾದ ಆರು ತಿಂಗಳಿಗೆ, ಮೂತ್ರ ಸೋರುವುದರಿಂದ ಪ್ಯಾಡ್ ಬಳಸಬೇಕಾದವರು ನೂರಕ್ಕೆ 46. ಆರು ವರುಷಗಳ ಹೊತ್ತಿಗೆ ಅದು 17ಕ್ಕೆ ಇಳಿಯಿತು. ಕಾವಲಿನವರಲ್ಲಿ ಆಗ 8, ವಿಕಿರಣದವರಲ್ಲಿ 4. ದಾಂಪತ್ಯಜೀವನದ ಶಕ್ತಿ ಕುಂದುವುದು ಶಸ್ತ್ರಕ್ರಿಯೆಯಲ್ಲಿ ಅಧಿಕ. ಮಲವಿಸರ್ಜನೆಯ ತೊಂದರೆ ವಿಕಿರಣದಲ್ಲಿ ಅಧಿಕ. ಸ್ವೀಡನ್ನಿನ ಕಡೆ 1989ರಿಂದ 1999ರವರೆಗೆ 695 ಮಂದಿಯನ್ನು ಸೇರಿಸಿಕೊಂಡ ಮತ್ತೊಂದು ಅಧ್ಯಯನವು ಬೇರೆಯೇ ಮಾತನ್ನು ಹೇಳಿತು. 2018ರ ವರದಿಯ ಪ್ರಕಾರ, 23 ವರುಷಗಳ ಲೆಕ್ಕದಲ್ಲಿ, ಶಸ್ತ್ರಕ್ರಿಯೆಯ ಗುಂಪಿನವರಿಗೆ ಸರಾಸರಿ 2.9 ವರುಷಗಳ ಆಯುಸ್ಸು ಹೆಚ್ಚಿಗೆ ದೊರೆಯಿತು. ಅವರ ರೋಗವು ಬಹುಮಟ್ಟಿಗೆ ರಕ್ತಪರೀಕ್ಷೆಯಿಂದಲ್ಲದೆ ಲಕ್ಷಣಗಳಿಂದಲೇ ಪತ್ತೆಯಾದದ್ದು. ಆದುದರಿಂದ ಹೆಚ್ಚು ಮುಂದುವರಿದದ್ದು. ಎಂದರೆ, ಯಾರಿಗೆ ಯಾವ ದಾರಿ ಎಂಬುದು ರೋಗದ ಹೆಸರಿನಿಂದ ನಿರ್ಣಯವಾಗುವುದಿಲ್ಲ; ಅದರ ಅಂಕ, ಹರಡಿಕೆ, ರೋಗಿಯ ವಯಸ್ಸು, ಉಳಿದ ಕಾಯಿಲೆಗಳು, ಮತ್ತು ಆತನ ಬಾಳಿನ ರೀತಿ ಇವೆಲ್ಲವೂ ಸೇರಿ ನಿರ್ಣಯವಾಗುತ್ತದೆ.

ಇಂತಹ ಕವಲುದಾರಿಯಲ್ಲಿ ಒಬ್ಬರೇ ತಜ್ಞರನ್ನು ಕೇಳಿದರೆ ಏನಾಗುವುದು? 2000ದಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಮೂತ್ರರೋಗ ಶಸ್ತ್ರವೈದ್ಯರನ್ನೂ ವಿಕಿರಣ ತಜ್ಞರನ್ನೂ ಈ ಬಗೆಗೆ ಪ್ರಶ್ನಿಸಲಾಗಿತ್ತು. ಶಸ್ತ್ರವೈದ್ಯರಲ್ಲಿ ನೂರಕ್ಕೆ 93 ಮಂದಿ ಶಸ್ತ್ರಕ್ರಿಯೆಯೇ ಮೇಲೆಂದರು. ವಿಕಿರಣ ತಜ್ಞರಲ್ಲಿ ನೂರಕ್ಕೆ 72 ಮಂದಿ ಎರಡೂ ಸಮವೆಂದರು. ಇದನ್ನು ಕೇಳಿ ವೈದ್ಯರನ್ನು ಹಳಿಯಬೇಕಾಗಿಲ್ಲ. ಅವರಾರೂ ಸುಳ್ಳಾಡಲಿಲ್ಲ. ಒಂದೇ ಬೇವಿನ ಮರ ಬಡಗಿಗೆ ಬಾಗಿಲ ಚೌಕಟ್ಟಾಗಿ ಕಾಣುತ್ತದೆ, ಪಂಡಿತನಿಗೆ ಔಷಧಿಯಾಗಿ ಕಾಣುತ್ತದೆ, ದಾರಿಹೋಕನಿಗೆ ನೆರಳಾಗಿ ಕಾಣುತ್ತದೆ. ಮೂವರೂ ಕಂಡದ್ದು ನಿಜವೇ. ತನ್ನ ಕಾಯಕದಲ್ಲಿ ನಿಷ್ಠೆಯುಳ್ಳವನ ಕಣ್ಣು ತನ್ನ ಉಪಕರಣದ ಮೂಲಕ ನೋಡುವುದು ಸಹಜ. ಆದುದರಿಂದ ಎರಡನೆಯವರನ್ನು ಕೇಳುವುದು ಮೊದಲನೆಯವರ ಪ್ರಾಮಾಣಿಕತೆಯನ್ನು ಸಂದೇಹಿಸುವುದಲ್ಲ. ಒಬ್ಬ ಮನುಷ್ಯನ ದೃಷ್ಟಿಗೆ ಮೇರೆಯುಂಟೆಂಬ ಸತ್ಯವನ್ನು ಒಪ್ಪುವುದು, ಅಷ್ಟೇ.

ಇಷ್ಟನ್ನು ಹೇಳಿದರೂ ಹಿರಿಯರ ಆಕ್ಷೇಪಣೆ ಹಾಗೆಯೇ ನಿಲ್ಲುತ್ತದೆ. ಗುರುವಿನ ಮಾತನ್ನು ನಂಬುವಂತೆ ವೈದ್ಯನ ಮಾತನ್ನೂ ನಂಬಬೇಡವೇ? ನಂಬಬೇಕು, ನಿಜ. ಆದರೆ ನಮ್ಮ ಧರ್ಮದಲ್ಲಿ ಗುರು ಮಾಡುವುದೇನೆಂಬುದನ್ನು ನೆನೆದು ನೋಡಿರಿ. ದೀಕ್ಷೆಯ ಕಾಲದಲ್ಲಿ ಗುರುವು ಇಷ್ಟಲಿಂಗವನ್ನು ತನ್ನ ಬಳಿ ಇಟ್ಟುಕೊಂಡು, "ನಿನ್ನ ಪರವಾಗಿ ನಾನೇ ಪೂಜಿಸುತ್ತೇನೆ, ನೀನು ಮನೆಗೆ ಹೋಗು" ಎನ್ನುವುದಿಲ್ಲ. ಶಿಷ್ಯನ ಅಂಗೈಯಲ್ಲಿ ಅದನ್ನಿಡುತ್ತಾನೆ. ಅಂದಿನಿಂದ ಅದನ್ನು ನೋಡುವವನು, ಪೂಜಿಸುವವನು, ಮೈಮೇಲೆ ಧರಿಸುವವನು ಶಿಷ್ಯನೇ. ನಡುವೆ ಪೂಜಾರಿಯಿಲ್ಲ. ದೇವರೊಡನೆಯ ಸಂಬಂಧವನ್ನೇ ಬೇರೊಬ್ಬರ ಕೈಗೆ ಒಪ್ಪಿಸಬಾರದೆಂದು ವಿಧಿಸಿದ ಧರ್ಮವು, ತನ್ನ ಕಾಯದ ನಿರ್ಣಯವನ್ನು ಕಣ್ಣುಮುಚ್ಚಿ ಬೇರೊಬ್ಬರಿಗೆ ಒಪ್ಪಿಸೆಂದು ಹೇಳುವುದುಂಟೇ? ಗುರುವು ದಾರಿ ತೋರುತ್ತಾನೆ, ನಡೆಯಬೇಕಾದವನು ಶಿಷ್ಯ. ವೈದ್ಯನೂ ಅಂತೆಯೇ.

ಪ್ರಶ್ನೆ ಕೇಳುವುದು ನಮ್ಮ ಪರಂಪರೆಗೆ ಹೊರಗಿನದೂ ಅಲ್ಲ. ಕಲ್ಯಾಣದ ಅನುಭವಮಂಟಪದಲ್ಲಿ ಬೇರೆ ಬೇರೆ ಕಾಯಕದ ಶರಣರು ಕೂಡಿ, ಒಬ್ಬರ ಅನುಭಾವವನ್ನು ಮತ್ತೊಬ್ಬರು ಒರೆಗೆ ಹಚ್ಚಿದರೆಂಬುದು ನಮ್ಮ ಪರಂಪರೆಯ ನೆನಪು. ಶೂನ್ಯಸಂಪಾದನೆ ಎಂಬ ಮಹಾಗ್ರಂಥ ಆದ್ಯಂತವಾಗಿ ಸಂವಾದದ ರೂಪದಲ್ಲಿಯೇ ಇದೆ. ಅಲ್ಲಿ ಪ್ರಶ್ನಿಸಿದವರು ಭಕ್ತಿಹೀನರೆಂದು ಯಾರೂ ಹೇಳುವುದಿಲ್ಲ. ಉತ್ತರಿಸಿದವರಿಗೆ ಅಪಮಾನವಾಯಿತೆಂದೂ ಹೇಳುವುದಿಲ್ಲ. ಆ ಶರಣಗಣದಲ್ಲಿ ವೈದ್ಯ ಸಂಗಣ್ಣನವರಂಥ ವೈದ್ಯಕಾಯಕದವರೂ ಇದ್ದರೆಂಬುದನ್ನು ಮರೆಯಲಾಗದು.

ವೈದ್ಯಶಾಸ್ತ್ರದ ಹಳೆಯ ಗ್ರಂಥಗಳೂ ಇದಕ್ಕೆ ಒತ್ತಾಸೆಯಾಗಿವೆ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ 'ತದ್ವಿದ್ಯಸಂಭಾಷೆ' ಎಂಬ ವಿಷಯದ ವಿವೇಚನೆಯಿದೆ. ಒಂದೇ ವಿದ್ಯೆಯನ್ನು ಬಲ್ಲವರು ಪರಸ್ಪರ ಚರ್ಚಿಸುವುದೆಂದು ಅದರ ಅರ್ಥ. ಸ್ನೇಹದಿಂದ ಕೂಡಿ ನಡೆಸುವ ಚರ್ಚೆ, ಗೆಲ್ಲಬೇಕೆಂದು ನಡೆಸುವ ಚರ್ಚೆ ಎಂದು ಅದರಲ್ಲಿ ಎರಡು ಬಗೆಗಳನ್ನು ಹೇಳಿದೆ. ಇನ್ನೂ ಮುಖ್ಯವಾದುದು ಸೂತ್ರಸ್ಥಾನದ ಮಾತು. ಚಿಕಿತ್ಸೆಗೆ ನಾಲ್ಕು ಪಾದಗಳು: ವೈದ್ಯ, ಔಷಧ, ಶುಶ್ರೂಷೆ ಮಾಡುವವನು ಮತ್ತು ರೋಗಿ. ರೋಗಿಯನ್ನು ಮಲಗಿದ ಮರದ ದಿಮ್ಮಿಯೆಂದು ಎಣಿಸದೆ, ಅವನಿಗೂ ನಾಲ್ಕು ಗುಣಗಳನ್ನು ವಿಧಿಸಿದ್ದಾರೆ: ನೆನಪು, ಹೇಳಿದಂತೆ ನಡೆಯುವಿಕೆ, ಅಂಜದಿರುವಿಕೆ, ತನ್ನ ಸ್ಥಿತಿಯನ್ನು ತಿಳಿಸುವಿಕೆ. ವಿಧೇಯತೆಯು ನಾಲ್ಕರಲ್ಲಿ ಒಂದು ಮಾತ್ರ. ನಾವು ಅದೊಂದನ್ನೇ ಹಿಡಿದು, ಉಳಿದ ಮೂರನ್ನು ಬಿಟ್ಟಿದ್ದೇವೆ. ಅಂಜದೆ ಕೇಳಲೂ ಬೇಕು, ಮುಚ್ಚದೆ ಹೇಳಲೂ ಬೇಕು, ಕೇಳಿದ್ದನ್ನು ನೆನಪಿನಲ್ಲಿಡಲೂ ಬೇಕು. ನಿರ್ಣಯವಾದ ಮೇಲೆ ಹೇಳಿದಂತೆ ನಡೆಯಲೂ ಬೇಕು.

"ಬಂದದ್ದೆಲ್ಲ ಶಿವನ ಇಚ್ಛೆ, ಇಷ್ಟೊಂದು ವಿಚಾರಣೆ ಏತಕ್ಕೆ?" ಎಂದು ಕೇಳುವವರೂ ಉಂಟು. ಈ ಮಾತಿನಲ್ಲಿ ಶಾಂತಿಯಿದ್ದರೆ ಅದಕ್ಕೆ ನಮಸ್ಕಾರ. ಆದರೆ ಬಹಳ ಸಲ ಅದರೊಳಗೆ ಭಯವು ಭಕ್ತಿಯ ಅರಿವೆ ಹೊದ್ದು ಕುಳಿತಿರುತ್ತದೆ. ಕಾಯವು ಪ್ರಸಾದವೆಂದು ನಂಬಿದವರು ನಾವು. ಪ್ರಸಾದವನ್ನು ಚೆಲ್ಲಬಾರದು, ಅಲಕ್ಷ್ಯದಿಂದ ಕೆಡಿಸಬಾರದು ಎಂದು ಪಂಕ್ತಿಯಲ್ಲಿ ಕುಳಿತಾಗ ಕಲಿತವರು. ಹಾಗಿರುವಲ್ಲಿ ಆ ಪ್ರಸಾದಕಾಯವನ್ನು ಕುರಿತ ನಿರ್ಣಯದಲ್ಲಿ ಅಲಕ್ಷ್ಯ ಸಲ್ಲುವುದೇ? ವಿಚಾರಿಸಿ, ಮಾಡಬೇಕಾದುದನ್ನು ಮಾಡಿ, ಅನಂತರ ಫಲವನ್ನು ಶಿವನಿಗೆ ಬಿಡುವುದು ಶರಣಾಗತಿ. ವಿಚಾರಿಸುವುದಕ್ಕೇ ಮುನ್ನ ಬಿಟ್ಟುಬಿಡುವುದು ಹೊಣೆಗೇಡಿತನ.

ಇನ್ನು ಮನೆಮಂದಿಯ ವಿಷಯ. ನಮ್ಮ ಮನೆಗಳಲ್ಲಿ ಇಂತಹ ಸುದ್ದಿ ಬಂದಾಗ, "ಯಜಮಾನರಿಗೆ ಹೇಳಬೇಡಿ, ಎದೆ ಒಡೆದುಕೊಂಡಾರು" ಎಂದು ಮಕ್ಕಳು ವೈದ್ಯರೊಡನೆ ಗುಟ್ಟಾಗಿ ಮಾತಾಡಿ, ತಾವೇ ತೀರ್ಮಾನಿಸಿ, ತಂದೆಯನ್ನು ಕೊನೆಗೆ ಕರೆದೊಯ್ಯುವುದುಂಟು. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ, ಸಂದೇಹವಿಲ್ಲ. ಆದರೆ ಸ್ವಸ್ಥಚಿತ್ತನಾದ ವಯಸ್ಕನ ದೇಹದ ಮೇಲೆ, ಪ್ರಾಣಕ್ಕೆ ಕೂಡಲೇ ಅಪಾಯವಿಲ್ಲದಿರುವಾಗ, ಅವನ ಒಪ್ಪಿಗೆಯೇ ಬೇಕು, ಮನೆಯವರ ಒಪ್ಪಿಗೆ ಸಾಲದು ಎಂದು ನಮ್ಮ ದೇಶದ ಸುಪ್ರೀಂ ಕೋರ್ಟು 2008ರಲ್ಲಿ ತೀರ್ಪಿತ್ತಿದೆ. ಆ ಮೊಕದ್ದಮೆಯಲ್ಲಿ ರೋಗಿಯು ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆಯನ್ನು ಪಡೆದಿದ್ದರು. ಅದನ್ನು ಕೋರ್ಟು ಒಪ್ಪಲಿಲ್ಲ. ಮಕ್ಕಳು ತಂದೆಗೆ ಕಣ್ಣಾಗಲಿ, ಕೈಯಾಗಲಿ. ತಂದೆಯ ಬಾಯಿ ಮಾತ್ರ ಆಗದಿರಲಿ. ಗೃಹಿಣಿಯನ್ನೂ ಹೊರಗಿಡಬಾರದು. ಈ ಚಿಕಿತ್ಸೆಯ ಫಲವನ್ನು ಪತಿಯೊಡನೆ ಜೀವಮಾನವಿಡೀ ಉಣ್ಣುವವಳು ಅವಳು. ನಾಚಿಕೆಯಿಂದ ಮುಚ್ಚಿಟ್ಟ ಪ್ರಶ್ನೆ ಶಸ್ತ್ರಕ್ರಿಯೆಯಾದ ಮೇಲೆ ಪಶ್ಚಾತ್ತಾಪವಾಗಿ ಹೊರಬರುತ್ತದೆ.

ಹಾಗಾದರೆ ಕೇಳುವ ಕ್ರಮವೇನು? ಮೊದಲನೆಯದಾಗಿ, ಬೆನ್ನ ಹಿಂದೆ ಕೇಳಬೇಡಿರಿ, ಮುಂದೆಯೇ ಹೇಳಿ ಕೇಳಿರಿ. "ಸ್ವಾಮೀ, ನಿಮ್ಮ ಮಾತಿನಲ್ಲಿ ವಿಶ್ವಾಸವಿದೆ. ನಿರ್ಣಯ ದೊಡ್ಡದಾದುದರಿಂದ ಇನ್ನೊಬ್ಬರ ಅಭಿಪ್ರಾಯವನ್ನೂ ಪಡೆಯಬೇಕೆಂದಿದ್ದೇನೆ, ಕಾಗದಗಳನ್ನು ಕೊಡಿಸಿರಿ" ಎಂದರೆ ಸಜ್ಜನನಾದ ವೈದ್ಯ ಮುನಿಯುವುದಿಲ್ಲ. ದ್ರೋಹವಿರುವುದು ಮರೆಮಾಚುವಿಕೆಯಲ್ಲಿ, ಕೇಳುವಿಕೆಯಲ್ಲಲ್ಲ. ಇದು ರೋಗಿಯ ಹಕ್ಕೂ ಹೌದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಎರಡನೆಯ ಅಭಿಪ್ರಾಯ ಪಡೆಯುವ ಹಕ್ಕನ್ನು ಸ್ಪಷ್ಟವಾಗಿ ಹೇಳಿದೆ. ಕೇಳಿದ 72 ಗಂಟೆಗಳೊಳಗೆ ದಾಖಲೆಗಳನ್ನು ಕೊಡಬೇಕೆಂದು ವೈದ್ಯರ ವೃತ್ತಿನಡತೆಯ 2002ರ ನಿಯಮಗಳೇ ವಿಧಿಸಿವೆ.

ಎರಡನೆಯದಾಗಿ, ಬಯಾಪ್ಸಿಯ ವರದಿಯನ್ನಷ್ಟೇ ಅಲ್ಲ, ಗಾಜಿನ ಸ್ಲೈಡುಗಳನ್ನೂ ಮೇಣದ ಬ್ಲಾಕುಗಳನ್ನೂ ಪಡೆದು, ಮತ್ತೊಬ್ಬ ಅನುಭವಿ ಪೆಥಾಲಜಿಸ್ಟರಿಂದ ನೋಡಿಸಿರಿ. ಚಿಕಿತ್ಸೆಯ ಕಟ್ಟಡವೆಲ್ಲ ಆ ಗ್ಲೀಸನ್ ಅಂಕದ ತಳಹದಿಯ ಮೇಲೆ ನಿಂತಿದೆ. 6ಕ್ಕೂ 7ಕ್ಕೂ ನಡುವಿನ ಗೆರೆಯನ್ನು ಎಳೆಯುವುದು ಮನುಷ್ಯನ ಕಣ್ಣು. ಅನುಭವಿಗಳಿಬ್ಬರ ಕಣ್ಣು ಅಲ್ಲಿ ಭಿನ್ನವಾಗುವುದುಂಟು. ಆ ಒಂದು ಅಂಕದಿಂದ ಕಾವಲು ಸಾಕೋ, ಶಸ್ತ್ರ ಬೇಕೋ ಎಂಬುದು ಬದಲಾಗಬಹುದು.

ಮೂರನೆಯದಾಗಿ, ಶಸ್ತ್ರವೈದ್ಯರೊಬ್ಬರು ಹೇಳಿದ್ದನ್ನು ಇನ್ನೊಬ್ಬ ಶಸ್ತ್ರವೈದ್ಯರಿಂದ ಮಾತ್ರ ಕೇಳಿದರೆ ಸಾಲದು. ವಿಕಿರಣ ತಜ್ಞರನ್ನೂ ಕಾಣಿರಿ. ಇಬ್ಬರಿಗೂ ಒಂದೇ ಪ್ರಶ್ನೆಗಳನ್ನು ಹಾಕಿರಿ: ನನ್ನ ರೋಗ ಯಾವ ದರ್ಜೆಯದು? ಈಗ ಏನನ್ನೂ ಮಾಡದೆ ಕಾದರೆ ಏನಾಗಬಹುದು? ನೀವು ಹೇಳುವ ಚಿಕಿತ್ಸೆಯಿಂದ ನನ್ನ ಮೂತ್ರದ ಹತೋಟಿ, ಮಲದ ಹತೋಟಿ, ದಾಂಪತ್ಯ ಹೇಗಾಗುವುವು? ಇಂತಹ ಚಿಕಿತ್ಸೆಯನ್ನು ನೀವು ಎಷ್ಟು ಮಂದಿಗೆ ಮಾಡಿದ್ದೀರಿ? ಉತ್ತರಗಳನ್ನು ಅಲ್ಲಿಯೇ ಬರೆದುಕೊಳ್ಳಿರಿ. ಹೆದರಿದ ಮನಸ್ಸು ಕೇಳಿದ್ದರಲ್ಲಿ ಅರ್ಧವನ್ನು ಆಸ್ಪತ್ರೆಯ ಮೆಟ್ಟಿಲಲ್ಲಿಯೇ ಬಿಟ್ಟುಬರುತ್ತದೆ.

ಇಲ್ಲಿ ಒಂದು ನೋವಿನ ಮಾತಿದೆ. ಹಣವುಳ್ಳವನಿಗೆ ಎರಡನೆಯ ಅಭಿಪ್ರಾಯವೆಂದರೆ ಕಾರು ಹತ್ತಿ ಹೋಗಿಬರುವ ಕೆಲಸ. ದಿನಗೂಲಿಯವನಿಗೆ ಅದು ಮೂರು ದಿನದ ಕೂಲಿ, ಬಸ್ಸಿನ ಖರ್ಚು, ಪರಸ್ಥಳದ ಭಯ. ಕೇಳುವುದು ಧರ್ಮವಾದರೆ ಅದು ಸಿರಿವಂತರ ಧರ್ಮ ಮಾತ್ರವಾಗಿ ಉಳಿಯಬಾರದು. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಆಸ್ಪತ್ರೆ, ಮುಂಬಯಿಯಲ್ಲಿ 1941ರಿಂದ ನಡೆದುಬಂದ ಟಾಟಾ ಸ್ಮಾರಕ ಆಸ್ಪತ್ರೆ ಮುಂತಾದ ಸಾರ್ವಜನಿಕ ಸಂಸ್ಥೆಗಳಲ್ಲಿ ಬಡವರಿಗೂ ತಜ್ಞರ ಬಾಗಿಲು ತೆರೆದಿದೆ. ಆದರೆ ಅಲ್ಲಿಯವರೆಗೆ ಕೈಹಿಡಿದು ಕರೆದೊಯ್ಯುವವರು ಬೇಕು. ಮಠದ ಅನ್ನವನ್ನು ಉಂಡು ಓದಿ, ಇಂದು ನಗರಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ವೈದ್ಯರಿದ್ದೀರಿ, ನ್ಯಾಯವಾದಿಗಳಿದ್ದೀರಿ, ಗುಮಾಸ್ತರಿದ್ದೀರಿ. ಊರಿನ ಹಿರಿಯರೊಬ್ಬರನ್ನು ಎರಡು ದಿನ ಮನೆಯಲ್ಲಿರಿಸಿಕೊಂಡು, ಆಸ್ಪತ್ರೆಯ ಸರತಿಯಲ್ಲಿ ಅವರೊಡನೆ ನಿಂತು, ಅವರ ರಿಪೋರ್ಟನ್ನು ಕನ್ನಡದಲ್ಲಿ ಓದಿ ಹೇಳಿದರೆ ಅದು ಅನ್ನದಾಸೋಹಕ್ಕೆ ಕಡಿಮೆಯಾದ ದಾಸೋಹವೇನಲ್ಲ.

ಆದರೂ ಕೇಳುವುದಕ್ಕೆ ಒಂದು ಮಿತಿಯಿದೆ. ನಾಲ್ಕನೆಯವರು, ಆರನೆಯವರು, ಹತ್ತನೆಯವರು ಎಂದು ಅಲೆಯುವುದು ವಿಚಾರವಲ್ಲ. ತನಗೆ ಹಿತವಾದ ಮಾತು ಸಿಗುವವರೆಗೂ ಅಂಗಡಿಯಿಂದ ಅಂಗಡಿಗೆ ತಿರುಗುವ ಭಯವದು. ಅಂತಹವನು ಕೊನೆಗೆ, "ಶಸ್ತ್ರವೂ ಬೇಡ, ವಿಕಿರಣವೂ ಬೇಡ, ಈ ಪುಡಿಯಿಂದ ನಲವತ್ತೆಂಟು ದಿನದಲ್ಲಿ ಕರಗುತ್ತದೆ" ಎನ್ನುವ ವಂಚಕನ ಕೈಗೆ ಸಿಕ್ಕುವುದುಂಟು. ಎಲ್ಲರಿಗೂ ಸಮಯವೂ ಒಂದೇ ತೆರನಾಗಿರುವುದಿಲ್ಲ. ಸೌಮ್ಯ ಅಥವಾ ನಡುವಿನ ದರ್ಜೆಯ, ಗ್ರಂಥಿಯೊಳಗೇ ಇರುವ ರೋಗದಲ್ಲಿ ಕೆಲವು ವಾರಗಳ ವಿಚಾರಣೆಯಿಂದ ಸಾಮಾನ್ಯವಾಗಿ ಹಾನಿಯಿಲ್ಲ. ಆದರೆ ಮೂತ್ರ ಪೂರ್ತಿ ಕಟ್ಟಿದ್ದರೆ, ಅಥವಾ ರೋಗ ಬೆನ್ನೆಲುಬಿಗೆ ಹರಡಿ ಕಾಲುಗಳಲ್ಲಿ ಬಲಗುಂದಿದ್ದರೆ, ಆಗ ಗಂಟೆಗಳೂ ಅಮೂಲ್ಯ. ಹತ್ತಿರದ ಆಸ್ಪತ್ರೆಗೆ ಓಡಬೇಕು. ಅಭಿಪ್ರಾಯಗಳನ್ನು ಆಮೇಲೆ ಕೇಳಬಹುದು. ನಮ್ಮ ನಾಡಿನಲ್ಲಿ ಅನೇಕರು ರೋಗ ಮುಂದುವರಿದ ಮೇಲೆಯೇ ವೈದ್ಯರನ್ನು ಕಾಣುವುದರಿಂದ ಈ ಎಚ್ಚರಿಕೆ ಅತ್ಯವಶ್ಯ. ಎರಡನೆಯ ಅಭಿಪ್ರಾಯವು ವಿಳಂಬಕ್ಕೆ ನೆಪವಾಗಕೂಡದು.

ಕಡೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣವಾದುದು. ಇಬ್ಬರು ತಜ್ಞರೂ ಸಮರ್ಥರು, ಇಬ್ಬರೂ ಪ್ರಾಮಾಣಿಕರು. ಆದರೆ ಒಬ್ಬರು ಒಂದನ್ನು ಹೇಳಿದರು, ಇನ್ನೊಬ್ಬರು ಮತ್ತೊಂದನ್ನು ಹೇಳಿದರು. ಆಗ ಏನು ಗತಿ? ಹಲವರು ಇಲ್ಲಿ ಎದೆಗೆಡುತ್ತಾರೆ. "ಕೇಳಿದ್ದರಿಂದಲೇ ಗೊಂದಲವಾಯಿತು" ಎನ್ನುತ್ತಾರೆ. ಸಾವಧಾನದಿಂದ ಯೋಚಿಸಿ ನೋಡಿರಿ. ಬಲ್ಲವರಿಬ್ಬರು ಎಲ್ಲವನ್ನೂ ಬಲ್ಲ ಮೇಲೆಯೂ ಭಿನ್ನರಾದರೆ, ಉಳಿದಿರುವ ಪ್ರಶ್ನೆ ಅವರ ವಿದ್ಯೆಯಿಂದ ಬಗೆಹರಿಯುವಂತಹುದಲ್ಲವೆಂದು ಅರ್ಥ. ಮುಂದೆಂದೋ ರೋಗ ಹರಡಬಹುದೆಂಬ ಅಂಜಿಕೆಯನ್ನು ಹೊತ್ತು ಬಾಳುವುದು ಹಗುರವೋ, ಇಂದೇ ಬರಬಹುದಾದ ದೇಹದ ಕುಂದನ್ನು ಹೊತ್ತು ಬಾಳುವುದು ಹಗುರವೋ? ಇದನ್ನು ಯಾವ ಸೂಕ್ಷ್ಮದರ್ಶಕವೂ ಹೇಳಲಾರದು. ಒಬ್ಬನು ಅನಿಶ್ಚಯವನ್ನು ಸಹಿಸಬಲ್ಲ, ಮುಜುಗರವನ್ನು ಸಹಿಸಲಾರ. ಇನ್ನೊಬ್ಬನು ಮುಜುಗರವನ್ನು ನಕ್ಕು ಕಳೆಯಬಲ್ಲ. ಒಡಲಲ್ಲಿ ರೋಗವಿದೆಯೆಂಬ ನೆನಪಿನೊಡನೆ ನಿದ್ರಿಸಲಾರ. ಇಬ್ಬರೂ ಸರಿಯೇ. ಎರಡನೆಯ ಅಭಿಪ್ರಾಯವು ಕೆಲವೊಮ್ಮೆ ಉತ್ತರವನ್ನು ಕೊಡದೆ, ಪ್ರಶ್ನೆಯನ್ನು ಅದರ ಒಡೆಯನ ಕೈಗೇ ಮರಳಿ ಇಡುತ್ತದೆ. ಅದು ಅಂಗೈಗೆ ಬಂದ ಮೇಲೆ ನೋಡದೆ ಇರುವಂತಿಲ್ಲ.

ಆ ಹಿರಿಯರು ಏನು ಮಾಡಿದರೆಂದು ನೀವು ಕೇಳಬಹುದು. ಅವರು ಊರಿಗೆ ಹೋಗಿ ಮೊದಲು ತಮ್ಮ ವೈದ್ಯರನ್ನೇ ಕಂಡು ಮನಸ್ಸಿನಲ್ಲಿದ್ದುದನ್ನು ಹೇಳಿದರು. ವೈದ್ಯರು ಮುನಿಸಿಕೊಳ್ಳಲಿಲ್ಲ, ಸ್ಲೈಡುಗಳನ್ನು ಕಟ್ಟಿಸಿಕೊಟ್ಟು, ವಿಕಿರಣ ತಜ್ಞರೊಬ್ಬರಿಗೆ ಪತ್ರವನ್ನೂ ಬರೆದುಕೊಟ್ಟರು. ಮಠದ ಹಳೆಯ ವಿದ್ಯಾರ್ಥಿಯೊಬ್ಬರ ಮನೆಯಲ್ಲಿ ದಂಪತಿಗಳು ನಾಲ್ಕು ದಿನ ಇದ್ದರು. ಸ್ಲೈಡಿನ ಅಂಕ ಮತ್ತೆ 7 ಎಂದೇ ಬಂದಿತು. ವಿಕಿರಣದಿಂದಲೂ ಗುಣವಾಗಬಹುದೆಂದು ಆ ತಜ್ಞರು ಹೇಳಿದರು. ಆದರೆ ಮೊದಲೇ ಮೂತ್ರದ ತಡೆ ಇಷ್ಟಿರುವಾಗ ವಿಕಿರಣದಿಂದ ಕೆಲವು ಕಾಲ ಅದು ಹೆಚ್ಚಾದೀತೆಂದೂ ಹೇಳಿದರು. ಆ ರಾತ್ರಿ ಗಂಡಹೆಂಡಿರು ಬಹಳ ಹೊತ್ತು ಮಾತಾಡಿದರಂತೆ. ಮೂತ್ರ ಸೋರಬಹುದು, ಅದಕ್ಕೆ ಹೊಂದಿಕೊಂಡೇವು. ರಾತ್ರಿಯ ನಿದ್ರೆಯಿಲ್ಲದ ಬಾಳು ಸಾಕಾಗಿದೆ ಎಂದು ಇಬ್ಬರೂ ಒಪ್ಪಿದರು. ಕೊನೆಗೆ ಮೊದಲನೆಯ ವೈದ್ಯರು ಹೇಳಿದ ಶಸ್ತ್ರಕ್ರಿಯೆಯನ್ನೇ, ಅವರ ಕೈಯಿಂದಲೇ ಮಾಡಿಸಿಕೊಂಡರು.

ಹಾಗಾದರೆ ಅಲೆದದ್ದು ವ್ಯರ್ಥವಾಯಿತೇ? ಕಾರ್ತಿಕದಲ್ಲಿ ಅವರು ಮತ್ತೆ ಮಠಕ್ಕೆ ಬಂದಾಗ ನಾನು ಅದನ್ನೇ ಕೇಳಿದೆನು. ಮೂತ್ರದ ಹತೋಟಿ ಇನ್ನೂ ಪೂರ್ತಿ ಬಂದಿರಲಿಲ್ಲ. ಪಂಕ್ತಿಯಿಂದ ನಡುವೆ ಎದ್ದುಹೋಗಬೇಕಾಯಿತು. ಮರಳಿ ಬಂದು ಕುಳಿತು ಹೇಳಿದರು: "ಮೊದಲೇ ಒಪ್ಪಿದ್ದರೆ, ಈ ತೊಂದರೆಗೆಲ್ಲ ಡಾಕ್ಟರರನ್ನು ಬೈಯುತ್ತ ಕೂತಿರುತ್ತಿದ್ದೆ. ಈಗ ಯಾರನ್ನೂ ಬೈಯಬೇಕೆನಿಸುವುದಿಲ್ಲ. ಗೊತ್ತಿದ್ದೇ ಒಪ್ಪಿದವನು ನಾನು."

ವಾಚಕರೇ, ಕೇಳಿದ್ದರಿಂದ ಅವರ ನಂಬಿಕೆ ಕುಗ್ಗಲಿಲ್ಲ, ಗಟ್ಟಿಯಾಯಿತು. ವೈದ್ಯನ ಮೇಲಿನ ಭಾರವೂ ಹಗುರಾಯಿತು. ತನ್ನದಲ್ಲದ ಹೊಣೆಯನ್ನು ಆತನು ಒಬ್ಬನೇ ಹೊರಬೇಕಾಗಲಿಲ್ಲ. ನಿಮಗಾಗಲಿ, ನಿಮ್ಮ ಮನೆಯ ಹಿರಿಯರಿಗಾಗಲಿ ಇಂತಹ ಕಾಲ ಬಂದಾಗ ಅಂಜಬೇಡಿರಿ, ಮರೆಮಾಚಬೇಡಿರಿ. ವಿನಯದಿಂದ ಕೇಳಿರಿ, ಮಿತಿಯರಿತು ಕೇಳಿರಿ, ಕೇಳಿದ ಮೇಲೆ ನಿರ್ಣಯಿಸಿರಿ. ನಿರ್ಣಯಿಸಿದ ಮೇಲೆ ನಿಷ್ಠೆಯಿಂದ ನಡೆಯಿರಿ. ಪ್ರಸಾದಕಾಯವನ್ನು ಅರಿವಿನಿಂದ ಕಾಯುವ ಬಲವನ್ನು ಪರಶಿವನು ಎಲ್ಲರಿಗೂ ಕರುಣಿಸಲಿ.